ತಮಟೆ ಬಂದ ವರ್ಷ

ನಮ್ಮೂರಿಗೆ ನಾಯಿಗಳು ಬರುವುದು ವರ್ಷಕ್ಕೆ ಒಂದೇ ದಿನ. ಕಾರ್ತಿಕ ಮುಗಿದ ಮೇಲಿನ ಮೊದಲ ಬುಧವಾರ, ಬಿಸಿಲು ಏರುವ ಹೊತ್ತಿಗೆ, ಕಲ್ಲುಕೋರೆ ಗುಡ್ಡದ ಆಚೆಯಿಂದ ಒಂದರ ಹಿಂದೊಂದು ಇಳಿದು ಬರುತ್ತವೆ. ಅವತ್ತು ಬಸ್ಸುಗಳು ಊರ ಹೊರಗೇ ನಿಲ್ಲುತ್ತವೆ, ಶಾಲೆಗೆ ರಜ, ಹೋಟೆಲಿನವರು ಒಲೆ ಹಚ್ಚುವುದೂ ತಡ. ನಾಯಿ ಬೇಕಾದವರು ಮನೆಮಂದಿಯ ಚಪ್ಪಲಿಗಳನ್ನೆಲ್ಲ ಹೊಸ್ತಿಲಾಚೆ ಸಾಲಾಗಿ ಇಟ್ಟು, ಬಾಗಿಲು ತೆರೆದು ಒಳಗೆ ಕೂರುತ್ತಾರೆ. ನಾಯಿ ಬಂದು ಮೂಸುತ್ತದೆ. ಮನಸ್ಸಿಗೆ ಬಂದರೆ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಅಲ್ಲೇ ಮಲಗುತ್ತದೆ. ಅಲ್ಲಿಗೆ ಮುಗಿಯಿತು. ಆ ಚಪ್ಪಲಿ ಯಾರದೋ ಅವರ ನಾಯಿ ಅದು, ಬದುಕಿರುವವರೆಗೆ. ಬೇರೆ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ಗಡಿಯಾರ ರಿಪೇರಿಯ ಮಾದಯ್ಯ ಒಂದು ವರ್ಷ ಮನಸ್ಸು ಬದಲಾಯಿಸಿ, ಬಂದ ನಾಯಿಯ ಮುಖಕ್ಕೇ ಬಾಗಿಲು ಹಾಕಿದ. ಆರು ದಿನ ಹಿತ್ತಿಲ ಬಾಗಿಲಿಂದ ಓಡಾಡಿ, ಏಳನೆಯ ದಿನ ತಾನೇ ಮುಂಬಾಗಿಲು ತೆರೆದು ತಟ್ಟೆ ಇಟ್ಟ.

ನಾಯಿ ಬೇಡದವರು ಚಪ್ಪಲಿಗಳನ್ನು ಒಳಗಿಡುತ್ತಾರೆ, ಅಷ್ಟೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾವು ಒಂಬತ್ತು ವರ್ಷ ಒಳಗಿಟ್ಟಿದ್ದೆವು.

ನಾನು ಶಾಂತವೀರ. ಪೇಟೆ ಬೀದಿಯ ಕೊನೆಯಲ್ಲಿ ನನ್ನ ಟೈಲರ್ ಅಂಗಡಿ, ಅದರ ಹಿಂದೆಯೇ ಮನೆ. ನನ್ನ ಹೆಂಡತಿ ಅಂಬುಜಾ. ನಮಗೆ ಒಬ್ಬಳೇ ಮಗಳು, ದಾಕ್ಷಾಯಣಿ. ದಾಕ್ಷಿ ಅಂತಲೇ ಕರೆಯುವುದು. ಅವಳು ಹುಟ್ಟಿದ ದಿನ ಮೈ ಒರೆಸಿದ ಟವೆಲ್ಲಿನ ಜೊತೆ ಅವಳ ಪಾದದ ಚರ್ಮವೂ ಬಂತು. ಕಾಯಿಸಿದ ಹಾಲಿನ ಮೇಲಿನ ಕೆನೆ ಬೆರಳು ತಾಗಿದರೆ ಸುಕ್ಕಾಗಿ ಸರಿಯುತ್ತದಲ್ಲ, ಅವಳ ಚರ್ಮ ಹಾಗೆ. ಉಜ್ಜಿದರೆ ಬೊಕ್ಕೆ ಏಳುತ್ತದೆ, ಎಳೆದರೆ ಕಿತ್ತು ಬರುತ್ತದೆ. ಇದು ಯಾರಿಗೂ ಅಂಟುವುದಿಲ್ಲ, ಹಾಗೆಯೇ ಪೂರ್ತಿ ಹೋಗುವುದೂ ಇಲ್ಲ, ಕಾಪಾಡಿಕೊಂಡು ಹೋಗಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕಾಪಾಡುವುದೆಂದರೆ ದಿನಾ ಬೆಳಗ್ಗೆ ಎರಡು ಗಂಟೆಯ ಕೆಲಸ. ಹಳೆಯ ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತಾವಾಗಿಯೇ ಬಿಡುವವರೆಗೆ ಕಾಯಬೇಕು. ಹೊಸ ಬೊಕ್ಕೆಗಳನ್ನು ಸೂಜಿಯಿಂದ ಚುಚ್ಚಿ ನೀರು ಇಳಿಸಬೇಕು. ಮುಲಾಮು ಹಚ್ಚಿ ಮತ್ತೆ ಪಟ್ಟಿ ಸುತ್ತಬೇಕು. ಅಂಟಿನ ಪಟ್ಟಿ ಹತ್ತಿರವೂ ತರುವಂತಿಲ್ಲ. ಇದೆಲ್ಲ ಅಂಬುಜಾ ಮಾಡುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಬಟ್ಟೆ. ಹೊಲಿಗೆಯ ಅಂಚುಗಳೆಲ್ಲ ಹೊರಗೆ ಬರುವಂತೆ, ಗುಂಡಿ ಇಲ್ಲದೆ, ಎಲಾಸ್ಟಿಕ್ ಇಲ್ಲದೆ ಅವಳ ಲಂಗ, ಅಂಗಿ ಹೊಲಿಯುತ್ತಿದ್ದೆ. ನನ್ನ ತಾಯಿಯ ಹಳೆಯ ಸೀರೆಗಳನ್ನು ಮೂರು ಪದರ ಮಾಡಿ ಕಾಲಿಗೆ ಬಟ್ಟೆ ಬೂಟು ಮಾಡುತ್ತಿದ್ದೆ. ಶಾಲೆಯಲ್ಲಿ ಹುಡುಗರು ಅವಳ ಅಂಗಿ ಉಲ್ಟಾ ಇದೆ ಎಂದು ಮೊದಮೊದಲು ನಕ್ಕರು. ಆಮೇಲೆ ರೂಢಿಯಾಯಿತು.

ಶಾಲೆಯ ಕಾಂಪೌಂಡಿನ ಹೊರಗೆ ಹೊಂಗೆ ಮರದ ನೆರಳಿನಲ್ಲಿ ಮಕ್ಕಳ ನಾಯಿಗಳು ಸಾಲಾಗಿ ಕಾಯುತ್ತವೆ. ಬೆಲ್ ಹೊಡೆದೊಡನೆ ಒಂದೊಂದೂ ತನ್ನ ಮಗುವಿನತ್ತ ನುಗ್ಗುತ್ತದೆ. ಆ ಗದ್ದಲದಲ್ಲಿ ದಾಕ್ಷಿಗೆ ಪೆಟ್ಟಾಗಬಾರದೆಂದು ಮೇಡಂ ಅವಳನ್ನು ಹತ್ತು ನಿಮಿಷ ತಡೆದು ಕಳಿಸುತ್ತಿದ್ದರು. ಅವಳು ಕ್ಲಾಸಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಊರಿನ ನಾಯಿಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ.

ಅವಳಿಗೆ ಎಂಟು ತುಂಬಿದ ವರ್ಷ, ನಾಯಿಗಳ ಬುಧವಾರಕ್ಕೆ ವಾರವಿದ್ದಾಗ, ಮಿಷನ್ನಿನ ಪಕ್ಕ ಬಂದು ನಿಂತಳು.

"ಅಪ್ಪಾ, ಈ ಸಲ ನನ್ನ ಬೂಟು ಹೊರಗಿಡೋಣ."

"ನಾಯಿಗೆ ಉಗುರಿರುತ್ತೆ ಮಗಳೇ."

"ಗೊತ್ತು. ಹದಿನೆಂಟು."

"ಏನು ಹದಿನೆಂಟು?"

"ಉಗುರು. ಮುಂದಿನ ಕಾಲಿಗೆ ಐದೈದು, ಹಿಂದಿನದಕ್ಕೆ ನಾಲ್ಕ್ನಾಲ್ಕು. ಎಣಿಸಿದ್ದೀನಿ."

ಶನಿವಾರ ಬರುವ ಡಾಕ್ಟರನ್ನು ಕೇಳಿದೆ. ಬೇಡ ಎನ್ನುತ್ತಾರೆ, ನನ್ನ ಕೆಲಸ ಹಗುರಾಗುತ್ತದೆ ಅಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ಬೇಡ ಅಂದುಬಿಡೋದು ಸುಲಭ ಶಾಂತವೀರಪ್ಪನವರೇ. ಸಾಕಿ, ಆದರೆ ಗಾಯ ನೆಕ್ಕೋಕೆ ಬಿಡಬಾರದು, ಉಗುರನ್ನ ವಾರವಾರ ಉಜ್ಜಿ ಮೊಂಡು ಮಾಡಬೇಕು, ಹಗ್ಗ ಇವಳ ಕೈಗೆ ಕೊಡಬಾರದು. ವಯಸ್ಸಾದ, ಸೋಮಾರಿ ನಾಯಿ ಆರಿಸಿಕೊಳ್ಳಿ," ಅಂದರು. ಅವರು ಹೊರಗಿನವರು. ನಮ್ಮೂರಲ್ಲಿ ಆರಿಸಿಕೊಳ್ಳುವುದು ನಾವಲ್ಲ ಎಂದು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಎದ್ದು ಬಂದೆ. ಆ ವರ್ಷವೂ ಚಪ್ಪಲಿಗಳನ್ನು ಒಳಗಿಟ್ಟೆ. ಬೀದಿಯಲ್ಲಿ ನಾಯಿಗಳು ಹಾದುಹೋಗುವಷ್ಟು ಹೊತ್ತೂ ದಾಕ್ಷಿ ಕಿಟಕಿಯ ಸರಳು ಹಿಡಿಯದೆ, ಸರಳಿನ ಹತ್ತಿರ ಮೂಗು ತಂದು ನಿಂತಿದ್ದಳು.

ಮರುವರ್ಷ ಅವಳು ಕೇಳಲಿಲ್ಲ. ನನಗೆ ನಿರಾಳವಾಯಿತು. ಬುದ್ಧಿ ಬಂದಿದೆ ಮಗುವಿಗೆ ಅಂದುಕೊಂಡೆ.

ಬುಧವಾರ ಬೆಳಗ್ಗೆ ಹಿತ್ತಿಲ ನಲ್ಲಿಯಿಂದ ಎರಡು ಕೊಡ ನೀರು ಹಿಡಿದು ಅಂಗಡಿಯ ಕಡೆಗೆ ಬಂದರೆ, ಹೊಸ್ತಿಲಾಚೆ ಒಂದು ನೀಲಿ ಬಟ್ಟೆ ಬೂಟು. ಅಂಬುಜಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಯಾರಿಟ್ಟದ್ದು?"

"ನಾನೇ."

ತೆಗೆಯೋಣವೆಂದು ಕೊಡ ಇಳಿಸಿದೆ. ಅಷ್ಟರಲ್ಲಿ ಕಂದು ಬಣ್ಣದ ಒಂದು ಮುದಿ ನಾಯಿ ಮೆಲ್ಲಗೆ ನಡೆದು ಬಂದು ಬೂಟನ್ನು ಮೂಸಿತು. ಸುಳ್ಳು ಯಾಕೆ ಹೇಳಲಿ, ಡಾಕ್ಟರು ಹೇಳಿದ ನಾಯಿ ಇದೇ ಇರಬೇಕು ಅಂತ ಒಂದು ಗಳಿಗೆ ನನಗೂ ಆಸೆಯಾಯಿತು. ಅದು ಮುಂದೆ ಹೋಯಿತು. ಅದರ ಹಿಂದಿನಿಂದ ಇನ್ನೊಂದು, ಮಣ್ಣಿನ ಬಣ್ಣದ್ದು, ಇನ್ನೂ ಬೆಳೆಯುತ್ತಿರುವ ಉದ್ದ ಕಾಲಿನದು, ಒಂದು ಕಿವಿ ನೆಟ್ಟಗೆ ಇನ್ನೊಂದು ಮಡಚಿದ್ದು, ಓಡುತ್ತಾ ಬಂದು, ಬೂಟು ಕಂಡು ನಿಲ್ಲಲಾರದೆ ಎರಡು ಮನೆ ಮುಂದೆ ಹೋಗಿ ತಿರುಗಿ ಬಂತು. ಬೂಟನ್ನು ಕಚ್ಚಿ ಹೊಸ್ತಿಲಿಗೆ ಅಡ್ಡ ಮಲಗಿ, ಬಾಲದಿಂದ ಅಂಗಡಿಯ ಮರದ ಹಲಗೆಗೆ ಒಂದೇ ಸಮ ಬಡಿಯತೊಡಗಿತು.

"ತಮಟೆ," ಅಂದಳು ದಾಕ್ಷಿ ಒಳಗಿನಿಂದ. ಅವಳು ಬಂದದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಅವಳ ದನಿ ಕೇಳಿದ್ದೇ ನಾಯಿ ಎದ್ದು, ಬಾಯಲ್ಲಿ ಬೂಟು ಹಿಡಿದುಕೊಂಡೇ, ಮುಂಗಾಲು ಎರಡನ್ನೂ ಎತ್ತಿ ಅವಳ ಮೇಲೆ ಹಾಕಿತು.

ದಾಕ್ಷಿ ಕಿರುಚಲಿಲ್ಲ. ಉಸಿರು ಒಳಗೆಳೆದುಕೊಂಡಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎಡಗೈಯ ಚರ್ಮ ಅಂಗಿಯ ತೋಳು ಮಡಚಿದ ಹಾಗೆ ಕೆಳಗೆ ಸರಿದಿತ್ತು. ನಾನು ನಾಯಿಯ ಕತ್ತು ಹಿಡಿದು ಹೊರಗೆಳೆದೆ. "ನೋಡಿದೆಯಾ, ನೋಡಿದೆಯಾ ನೀನು ಮಾಡಿದ್ದು," ಅಂತ ಅಂಬುಜಳಿಗೆ ಅಂದೆ.

"ನೋಡಿದೆ. ಮೊದಲು ನೀರು ಕಾಯಿಸಿ," ಅಂದಳು ಅವಳು. ಅಷ್ಟರಲ್ಲಿ ಮಗಳನ್ನು ಕೂರಿಸಿ ಪಟ್ಟಿಯ ಡಬ್ಬಿ ತೆಗೆದಾಗಿತ್ತು.

ಪಟ್ಟಿ ಕಟ್ಟಿ ಮುಗಿದ ಮೇಲೆ ನಾನು ಯಾರಿಗೂ ಹೇಳದೆ ನಾಯಿಯನ್ನು ಕರೆದುಕೊಂಡು ಗುಡ್ಡದ ದಾರಿ ಹಿಡಿದೆ. ಕರೆದುಕೊಂಡು ಹೋಗುವುದೇನು, ಅದೇ ಮುಂದೆ ಮುಂದೆ ಓಡುತ್ತಿತ್ತು. ಬೂಟು ಬಾಯಲ್ಲೇ ಇತ್ತು. ಕಲ್ಲುಕೋರೆ ದಾಟಿ, ಊರವರು ಯಾರೂ ಹೋಗದ ಆ ಬದಿಯ ಇಳಿಜಾರಿನವರೆಗೆ ಹೋದೆ. "ಹೋಗು," ಅಂದೆ. ಕುಳಿತುಕೊಂಡಿತು. ಕಲ್ಲೆತ್ತಿ ಪಕ್ಕಕ್ಕೆ ಎಸೆದೆ. ಆಟ ಅಂದುಕೊಂಡು ಓಡಿಹೋಗಿ ಆ ಕಲ್ಲನ್ನೇ ತಂದು, ಬೂಟಿನ ಜೊತೆ ನನ್ನ ಕಾಲ ಬಳಿ ಇಟ್ಟಿತು. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಒಂದು ಬಂಡೆಯ ಮೇಲೆ ಕೂತೆ. ಅದು ಬಂಡೆಯ ನೆರಳಲ್ಲಿ ಮಲಗಿ ನಿದ್ದೆ ಹೋಯಿತು. ಎದ್ದು ಸದ್ದಿಲ್ಲದೆ ಇಳಿದೆ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಹಿಂದೆ ಅದರ ಉಸಿರು ಕೇಳಿಸಿತು.

ದಾರಿಯಲ್ಲಿ ಕೆಂಪಮ್ಮಜ್ಜಿಯ ಮನೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಮುದಿ ನಾಯಿ ದಫೇದಾರ ಸಿಪ್ಪೆಯ ರಾಶಿಯ ಪಕ್ಕ ಮಲಗಿತ್ತು.

"ಗುಡ್ಡಕ್ಕೆ ಹೋಗಿದ್ದೆಯೇನಪ್ಪ?" ಅಂದರು, ನಾಯಿಯನ್ನೂ ನನ್ನ ಮುಖವನ್ನೂ ನೋಡಿ.

"ಹೋಗಿದ್ದೆ ಅಜ್ಜಿ." ನಡೆದದ್ದನ್ನು ಹೇಳಿದೆ. ಹೇಳುತ್ತಾ ಸಿಟ್ಟು ಬಂತು. "ಇವಕ್ಕೆ ಎಲ್ಲಾ ಗೊತ್ತಿರುತ್ತೆ, ತಮಗೆ ತಕ್ಕ ಮನೆಗೇ ಬರ್ತವೆ ಅಂತಾರಲ್ಲ ಊರಲ್ಲಿ. ಇದಕ್ಕೇನು ಗೊತ್ತಿತ್ತು?"

"ಯಾರು ಹಾಗಂದೋರು? ಇದಕ್ಕೆ ಚಪ್ಪಲಿ ವಾಸನೆ ಗೊತ್ತು, ಅಷ್ಟೇ. ಮಗು ಹೇಗಿದೆ ಅಂತ ಇದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನ ನೀನು ಹೇಳಿಕೊಡಬೇಕು." ಅಜ್ಜಿ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ಈ ದಫೇದಾರ ಬಂದಾಗ ನಮ್ಮ ಯಜಮಾನರಿಗೆ ಕಣ್ಣು ಹೋಗಿ ಎರಡು ವರ್ಷ. ಮೊದಲನೇ ತಿಂಗಳು ಮೂರು ಸಲ ಕಾಲಿಗೆ ಅಡ್ಡ ಬಂದು ಅವರನ್ನ ಬೀಳಿಸ್ತು. ಆಮೇಲೆ ಕಲೀತು. ಅವರೂ ಕಲಿತರು."

ಮನೆಗೆ ಬಂದಾಗ ದಾಕ್ಷಿ ಚಾಪೆಯ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ನಾಯಿಯನ್ನು ಅಂಗಡಿಯಲ್ಲಿ ಕಟ್ಟಿ, ಮಧ್ಯದ ಅರ್ಧಬಾಗಿಲು ಹಾಕಿ ಅವಳ ಎದುರು ಕೂತೆ. ಬೇರೆ ಏನಾದರೂ ದಾರಿ ಹುಡುಕುತ್ತೇನೆ, ಅದು ಇಲ್ಲಿರುವುದು ಬೇಡ ಅಂತ ಸಮಾಧಾನ ಹೇಳಹೊರಟೆ.

"ಅಪ್ಪಾ," ಅಂದಳು ಅವಳು, "ನನಗೆ ಗಾಯ ಆಗದ ದಿನ ಯಾವತ್ತಿದೆ? ಹೋದವಾರ ನಿದ್ದೇಲಿ ಮಗ್ಗಲು ಬದಲಾಯಿಸಿದ್ದಕ್ಕೇ ಭುಜ ಕಿತ್ತುಹೋಯ್ತು. ಸುಮ್ಮನೆ ಕೂತ್ಕೊಂಡ್ರೂ ಆಗುತ್ತೆ. ಇದು ಯಾರೋ ನನ್ನ ನೋಡಿ ಖುಷಿಪಟ್ಟಿದ್ದಕ್ಕೆ ಆಗಿದ್ದು."

ಎದ್ದು ಅಂಗಡಿಗೆ ಹೋಗಿ, ಸುಮ್ಮನೆ ಕತ್ತರಿಗೆ ಎಣ್ಣೆ ಹಾಕುತ್ತಾ ಕೂತೆ. ಅಂಗಡಿಯ ಮೂಲೆಯಲ್ಲಿ ಫ್ರಾಕು ತೊಡಿಸಿ ನಿಲ್ಲಿಸಿದ್ದ ಗೊಂಬೆ ಕಣ್ಣಿಗೆ ಬಿದ್ದದ್ದು ಆಗ. ಎತ್ತರದಲ್ಲಿ ದಾಕ್ಷಿಯಷ್ಟೇ ಇತ್ತು.

ಮರುದಿನ ಗಾಳಿಪಟ ಮಾಡುವ ಗಫೂರ್ ಸಾಹೇಬರ ಹತ್ತಿರ ಹೋಗಿ ತೆಳು ಕಾಗದದ ಒಂದು ಕಟ್ಟು ತಂದೆ. ಉಗುರು ತಾಗಿದರೆ ಹರಿಯುವ ಕಾಗದ. ಗೊಂಬೆಗೆ ದಾಕ್ಷಿಯ ಹಳೆಯ ಲಂಗ ತೊಡಿಸಿ, ಅದರ ಕೈಕಾಲಿಗೆಲ್ಲ ಆ ಕಾಗದ ಸುತ್ತಿ ದಾರ ಕಟ್ಟಿ ನಿಲ್ಲಿಸಿದೆ. ತಮಟೆ ಅದರ ಹತ್ತಿರ ಹೋಗಬೇಕು, ಕಾಗದ ಹರಿಯಬಾರದು. ಹರಿಯದಿದ್ದರೆ ರೊಟ್ಟಿ ಚೂರು. ಮೊದಲ ದಿನ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಹತ್ತೊಂಬತ್ತು ಸಲ ಕಾಗದ ಬದಲಾಯಿಸಿದೆ. ರೊಟ್ಟಿ ಪೂರ್ತಿ ಉಳಿಯಿತು.

ಅರ್ಧಬಾಗಿಲಿನ ಆ ಕಡೆ ಸ್ಟೂಲಿನ ಮೇಲೆ ಕೂತು ದಾಕ್ಷಿ ನೋಡುತ್ತಿದ್ದಳು. "ನೀನು ಉಲ್ಟಾ ಮಾಡ್ತಿದ್ದೀಯ ಅಪ್ಪ. ಎಗರಿದ ಮೇಲೆ ಬೈದ್ರೆ ಅವನಿಗೇನು ಗೊತ್ತಾಗುತ್ತೆ? ಮೊದಲು ದೂರ ಕೂರಿಸು. ಕೂತ್ರೆ ರೊಟ್ಟಿ ಕೊಡು. ಆಮೇಲೆ ಒಂದು ಹೆಜ್ಜೆ." ಅವಳು ಹೇಳಿದ ಹಾಗೆ ಮಾಡಿದೆ. ಒಂದು ವಾರಕ್ಕೆ ತಮಟೆ ದೂರ ಕೂರುವುದನ್ನು ಕಲಿಯಿತು. ಎರಡನೆಯ ವಾರಕ್ಕೆ ಮುಂಗಾಲು ಎತ್ತುವುದನ್ನು ಬಿಟ್ಟಿತು. ಮೂರನೆಯ ವಾರದಲ್ಲಿ ನಾವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು ಅಡ್ಡ ಬಂತು. ಕಾಲು ಸುಮ್ಮನಿದ್ದರೂ ಬಾಲ ಸುಮ್ಮನಿರುತ್ತಿರಲಿಲ್ಲ. ಗೊಂಬೆಯ ಪಕ್ಕ ನಿಂತು ಖುಷಿಯಿಂದ ಒಂದು ಬೀಸು ಬೀಸಿದರೆ ಕಾಗದ ಚಿಂದಿ. ಬಾಲಕ್ಕೆ ಪಾಠ ಹೇಳುವುದು ಹೇಗೆ? ಕೊನೆಗೆ, ಯಾವಾಗಲೂ ಎದುರಿನಿಂದಲೇ ಬಂದು, ಬಾಲ ಹಿಂದೆ ಹೋಗುವ ಹಾಗೆ ಕೂರುವುದನ್ನು ಕಲಿಸಿದೆವು. ಪಾದಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿದೆ. ಎರಡು ಜೊತೆ ತಿಂದುಹಾಕಿತು, ಮೂರನೆಯದನ್ನು ಒಪ್ಪಿಕೊಂಡಿತು. ಬೀದಿಯ ಮಕ್ಕಳು ಹರಿದ ಗಾಳಿಪಟಗಳನ್ನು ತಂದುಕೊಡುತ್ತಿದ್ದರು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಟ್ಟು ಹೋಗದೆ ನಿಂತು, ಇವತ್ತು ಎಷ್ಟು ಹರಿಯಿತು ಅಂತ ಕೇಳುತ್ತಿದ್ದರು.

ಒಂದು ದಿನ ಬೆಳಗ್ಗೆಯಿಂದ ಸಂಜೆಯ ತನಕ ಒಂದೇ ಒಂದು ಕಾಗದವೂ ಹರಿಯಲಿಲ್ಲ. ಗೆದ್ದೆ ಅಂದುಕೊಂಡೆ. ಆಗ ಬೀದಿಯಲ್ಲಿ ದಫೇದಾರ ಹಾದುಹೋಯಿತು. ಅದನ್ನು ಕಂಡ ತಮಟೆ ಗೊಂಬೆಗೆ ಗುದ್ದಿಕೊಂಡೇ ಹಾರಿತು. ಗೊಂಬೆ ನೆಲಕ್ಕೆ ಬಿದ್ದು ಅದರ ಕೈ ಬುಡಕ್ಕೆ ಕಿತ್ತು ಬಂತು. ಆ ಕೈ ಹಿಡಿದುಕೊಂಡು ನಾನು ನೆಲದ ಮೇಲೆ ಕೂತುಬಿಟ್ಟೆ. ನನ್ನಿಂದ ಆಗುವುದಿಲ್ಲ ಇದು ಅಂದೆ.

ಅಂಬುಜಾ ಒಳಗಿನಿಂದ ಗೋಂದಿನ ಬಾಟಲಿ ತಂದು ನನ್ನ ಪಕ್ಕ ಕೂತಳು. ಅಲ್ಲಿಯವರೆಗೆ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. "ನನಗೊಂದು ಮಾತು ಹೇಳದೆ ಯಾಕೆ ಇಟ್ಟೆ ಬೂಟು?"

ಅವಳು ಗೊಂಬೆಯ ಭುಜಕ್ಕೆ ಗೋಂದು ಹಚ್ಚುತ್ತಾ ಹೇಳಿದಳು: "ಈ ವರ್ಷ ಅವಳು ಕೇಳಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ. ನಾಯಿಗಳು ಬರೋ ಹೊತ್ತಿಗೆ ಕಿಟಕಿ ಹತ್ತಿರಾನೂ ಬರಲಿಲ್ಲ, ಗೋಡೆ ಕಡೆ ತಿರುಗಿ ಪುಸ್ತಕ ಹಿಡ್ಕೊಂಡು ಕೂತಿದ್ಳು. ಒಂಬತ್ತು ವರ್ಷದ ಮಗು ಆಸೆ ಪಡೋದನ್ನೇ ಬಿಟ್ಟರೆ ನಾವು ದಿನಾ ಎರಡು ಗಂಟೆ ಪಟ್ಟಿ ಕಟ್ಟಿ ಏನು ಕಾಪಾಡ್ತಿದ್ದೀವಿ? ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ. ಬೇಡ ಅನ್ನೋಕೆ ನಿಮಗೆ ಕಾರಣಾನೂ ಇತ್ತು. ಅದಕ್ಕೇ ಕೇಳಲಿಲ್ಲ."

ಮಗಳು ಕೇಳದಿದ್ದ ಆ ದಿನಗಳಲ್ಲಿ ನಾನು ನಿರಾಳವಾಗಿದ್ದೆ ಎನ್ನುವುದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಗೊಂಬೆಯ ಕೈ ಒತ್ತಿ ಹಿಡಿದುಕೊಂಡು ಗೋಂದು ಒಣಗುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ಮರುದಿನ ಬೀದಿಯ ನಾಯಿಗಳನ್ನೆಲ್ಲ ಒಂದೊಂದಾಗಿ ಅಂಗಡಿಯ ಮುಂದೆ ಹಾಯಿಸಲು ಮಕ್ಕಳಿಗೆ ಹೇಳಿದೆ. ಪಾಠ ಮತ್ತೆ ಶುರುವಾಯಿತು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಒಂದು ಭಾನುವಾರ, ಅರ್ಧಬಾಗಿಲು ತೆರೆದೆವು. ದಾಕ್ಷಿಯ ಎಡಗೈ ಒಣಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಒಳಗೆ ಸ್ಯಾಟಿನ್, ಮಧ್ಯೆ ಹತ್ತಿ ಇಟ್ಟು ನಾನು ಹೊಲಿದ ದಪ್ಪ ತೋಳುಗಳನ್ನು ಎರಡೂ ಕೈಗೆ ತೊಟ್ಟು, ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದಳು. ಅಂಬುಜಾ ಒಂದು ಪಕ್ಕ, ನಾನು ಒಂದು ಪಕ್ಕ. ತಮಟೆ ಬಂತು. ಅದರ ಮೈಯೆಲ್ಲ ನಡುಗುತ್ತಿತ್ತು, ನುಗ್ಗಬೇಕೆಂಬ ಆಸೆಯನ್ನು ಹಿಡಿದಿಟ್ಟುಕೊಂಡು ಒಂದು ಮೊಳ ದೂರದಲ್ಲಿ ಕೂತಿತು. ಬಾಲ ಹಿಂದೆ ನೆಲ ಗುಡಿಸುತ್ತಿತ್ತು. ದಾಕ್ಷಿ ಕೈ ಚಾಚಿ ಮೊದಲು ಬೆನ್ನು ಮುಟ್ಟಿದಳು, ಒರಟಾಗಿತ್ತೇನೋ, ಕೈ ತೆಗೆದಳು. ಆಮೇಲೆ ಮಡಚಿದ ಕಿವಿಯ ಒಳಭಾಗವನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇಲ್ಲಿ ಮೆತ್ತಗಿದ್ದಾನೆ," ಅಂದಳು.

ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆ ತಿಂಗಳಲ್ಲೇ ಬಾಲ ತಾಗಿ ಅವಳ ಕಣಕಾಲಿಗೆ ಎರಡು ಸಲ ಬೊಕ್ಕೆ ಎದ್ದಿತು. ಅಂಬುಜಾ ಅವನ್ನೂ ಬೆಳಗಿನ ಸರದಿಗೆ ಸೇರಿಸಿಕೊಂಡಳು. ಶನಿವಾರದ ಡಾಕ್ಟರು ತಮಟೆಯ ಉಗುರನ್ನು ತಾವೇ ಮುಟ್ಟಿ ನೋಡಿ, ಇನ್ನೂ ಉಜ್ಜಬೇಕು ಅಂದರು. ಹೊಂಗೆ ಮರದ ಕೆಳಗಿನ ಸಾಲಿನಲ್ಲಿ ಅದಕ್ಕೂ ಒಂದು ಜಾಗವಾಯಿತು. ಬೆಲ್ ಹೊಡೆದಾಗ ಬೇರೆ ನಾಯಿಗಳೆಲ್ಲ ನುಗ್ಗಿಹೋಗುತ್ತವೆ. ಇದೊಂದು ಮಾತ್ರ ಹತ್ತು ನಿಮಿಷ ಅಲ್ಲೇ ಕೂತಿರುತ್ತದೆ.

ಒಂದು ಮಧ್ಯಾಹ್ನ ಅಂಗಡಿಯಿಂದ ಒಳಗೆ ಬಂದೆ. ತಮಟೆ ಚಾಪೆಯ ಉದ್ದಕ್ಕೆ ಮಲಗಿತ್ತು. ದಾಕ್ಷಿ ಅದರ ಹೊಟ್ಟೆಗೆ ದುಪ್ಪಟಿ ಹೊದಿಸಿ, ಅದಕ್ಕೆ ತನ್ನ ಬೆನ್ನನ್ನು ಪೂರ್ತಿ ಬಿಟ್ಟು ಒರಗಿ ಪುಸ್ತಕ ಓದುತ್ತಿದ್ದಳು. ನಾಯಿ ಉಸಿರಾಡಿದರೆ ಅವಳೂ ಮೇಲೆ ಹೋಗಿ ಕೆಳಗೆ ಬರುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ನನ್ನ ಬೆರಳುಗಳಿಗೆ ಸೂಜಿ ಚುಚ್ಚಿ ಚುಚ್ಚಿ ತುದಿಯೆಲ್ಲ ಗರಗಸದ ಹಾಗೆ. ಅವಳು ಕೂಸಾಗಿದ್ದಾಗ ಒಮ್ಮೆ ಎತ್ತಿಕೊಳ್ಳಲು ಹೋಗಿ ಕಂಕುಳಲ್ಲಿ ಎರಡು ಗಾಯ ಮಾಡಿದ್ದೆ. ಅಲ್ಲಿಂದ ಮುಂದೆ ಅವಳ ಬಟ್ಟೆಯನ್ನು ಮುಟ್ಟಿದೆನೇ ಹೊರತು ಅವಳನ್ನಲ್ಲ.

ಅವಳು ಪುಸ್ತಕ ಕೆಳಗಿಟ್ಟಳು. "ಯಾಕಪ್ಪಾ ಅಲ್ಲೇ ನಿಂತೆ?"

"ಸುಮ್ಮನೆ."

"ಬಾ. ಇಲ್ಲಿ ಕೂತ್ಕೋ, ಗೋಡೆಗೆ ಒರಗಿ. ಕೈ ಎರಡೂ ತೊಡೆ ಮೇಲಿಟ್ಕೋ. ನೀನು ಏನೂ ಮಾಡಬೇಡ. ನಾನೇ ಬರ್ತೀನಿ."

ಕೂತೆ. ಕೈ ತೊಡೆಯ ಮೇಲಿಟ್ಟುಕೊಂಡೆ. ಅವಳು ದುಪ್ಪಟಿ ಎತ್ತಿಕೊಂಡು, ನಿಧಾನವಾಗಿ ನನ್ನ ಪಕ್ಕಕ್ಕೆ ಬಂದು, ಅದನ್ನು ನನ್ನ ಎದೆಯ ಮೇಲೆ ಹರಡಿದಳು. ಸುಕ್ಕುಗಳನ್ನು ಒಂದೊಂದಾಗಿ ಸರಿಮಾಡಿದಳು. ಆಮೇಲೆ ಹಿಂದಕ್ಕೆ ಒರಗಿದಳು. ಮೊದಲು ತಲೆ, ಆಮೇಲೆ ಬೆನ್ನು. ಅಷ್ಟು ತೂಕ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಂಬುಜಾ ಅಡುಗೆಮನೆಯಿಂದ ಊಟಕ್ಕೆ ಕರೆದಳು, ಇನ್ನೊಂದು ಸಲ ಕರೆದಳು. ಆಮೇಲೆ ಬಾಗಿಲಿಗೆ ಬಂದು ನೋಡಿ ಹಿಂದಿರುಗಿದಳು. ಅನ್ನಕ್ಕೆ ತಟ್ಟೆ ಮುಚ್ಚಿದ ಸದ್ದು ಕೇಳಿಸಿತು.